ಹೊಟ್ಟೆ ಮುಚ್ಚದ ಕೌದಿ

ಈ ಮಳೆಗಾಲದಲ್ಲಿ ಒಂದು ದಿನ ತರಗತಿಯಲ್ಲಿ ಕದಂಬರ ಪಾಠ ಮಾಡುತ್ತಿದ್ದೆ. ಮುಂದಿನ ಬೆಂಚಿನವರೆಲ್ಲ ಎಂದಿಲ್ಲದ ಗಮನದಿಂದ ನನ್ನನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಇತಿಹಾಸ ಕಲಿಸಿದ್ದಕ್ಕೆ ಕೊನೆಗೂ ಫಲ ಸಿಕ್ಕಿತು ಎಂದುಕೊಂಡು ಸ್ವರ ಸ್ವಲ್ಪ ಏರಿಸಿದೆ. ಆಗ ಕಿಟಕಿ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ನಿಮ್ಮ ಅಂಗಿಯಲ್ಲಿ ಸೂಜಿ ಅದೆ" ಎಂದಳು. ತಲೆ ಬಗ್ಗಿಸಿ ನೋಡಿಕೊಂಡೆ. ಜೇಬಿನ ಮೇಲೆ ಸೂಜಿ ಚುಚ್ಚಿಕೊಂಡಿತ್ತು. ಅದರ ಕೆಂಪು ನೂಲು ಬೆಲ್ಟಿನ ತನಕ ಜೋತಾಡುತ್ತಿತ್ತು.

ಹೊಲಿಗೆ ನಿಲ್ಲಿಸಿ ಏಳುವಾಗ ಸೂಜಿಯನ್ನು ಎದೆಯ ಮೇಲೆ ಚುಚ್ಚಿಟ್ಟುಕೊಳ್ಳುವುದು ನನ್ನ ತಾಯಿಯ, ಅಂದರೆ ನಮ್ಮ ಆಯಿಯ ಅಭ್ಯಾಸ. ಅವಳ ಸೀರೆಯ ಸೆರಗಿನಲ್ಲಿ ಯಾವಾಗಲೂ ಒಂದು ಸೂಜಿ ಮಿನುಗುತ್ತಿತ್ತು. ಅವಳನ್ನು ಅಪ್ಪಿಕೊಳ್ಳುವಾಗ ನಾವು ಮಕ್ಕಳು ಮೊದಲು ಎಡಗಡೆ ಯಾವುದು, ಬಲಗಡೆ ಯಾವುದು ಎಂದು ವಿಚಾರ ಮಾಡುತ್ತಿದ್ದೆವು. ಅವಳ ಮೂಗು, ಅವಳ ಸಿಟ್ಟು ನನಗೆ ಬಂದಿದೆ ಎಂದು ಎಲ್ಲರೂ ಹೇಳುತ್ತಾರೆ. ಐವತ್ತು ದಾಟಿದ ಮೇಲೆ ಸೂಜಿಯೂ ಬಂತು ನೋಡಿ.

ಆಗ ನಾನೊಂದು ಕೌದಿ ಹೊಲಿಯುತ್ತಿದ್ದೆ. ಹೊಸತಲ್ಲ, ಆಯಿ ಶುರು ಮಾಡಿ ಬಿಟ್ಟುಹೋದದ್ದು. ಆಮೇಲೆ ಹೊನ್ನಾವರದಲ್ಲಿರುವ ನನ್ನ ಅಕ್ಕ, ಮಾದೇವಕ್ಕನ ಕೈಗೆ ಹೋಗಿ, ಕೊನೆಗೆ ಕುಮಟೆಯ ನನ್ನ ಮನೆಗೆ ಬಂದಿತ್ತು. ಇದು ಮುಗಿಯದಿದ್ದರೆ ಅಕ್ಕ ಮೊದಲಿನಂತಾಗುವುದಿಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು. ಅದಕ್ಕೇ ಈ ಮಳೆಗಾಲವೆಲ್ಲ ಕಾಲೇಜು ಬಿಟ್ಟ ಕೂಡಲೇ ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂರುತ್ತಿದ್ದೆ. ಬೀದಿಯಲ್ಲಿ ಹೋಗುವವರು ಮೊದಮೊದಲು ನೋಡದ ಹಾಗೆ ಹೋಗುತ್ತಿದ್ದರು. ಬರುಬರುತ್ತ ನಿಂತು ಹೊಲಿಗೆ ಸೊಟ್ಟಗಾಯಿತೆಂದು ಹೇಳುವಷ್ಟು ಸಲುಗೆ ಬೆಳೆಯಿತು. ಎದುರು ಮನೆಯ ಶೇಣ್ವಿ ಬಾಯಿಯವರು ಕೊಂಕಣಿಯಲ್ಲಿ ಇದಕ್ಕೆ ವಾಕಳ ಎನ್ನುತ್ತಾರೆಂದೂ, ಗಂಡಸರು ವಾಕಳ ಹೊಲಿದದ್ದನ್ನು ತಾವು ಕಂಡಿಲ್ಲವೆಂದೂ, ಆದರೂ ತಮ್ಮ ಮನೆಯ ಒಂದು ಹರಕು ಸೋಫಾ ಕವರ್ ನೋಡಲಾದೀತೇ ಎಂದೂ ಒಂದೇ ಉಸಿರಿನಲ್ಲಿ ಕೇಳಿದರು.

ನಮ್ಮ ಮನೆಯ ಕೌದಿಗೆ ಒಂದು ಕ್ರಮವಿತ್ತು. ಬೇರೆಯವರಲ್ಲಿ ಹೇಗೋ ಗೊತ್ತಿಲ್ಲ. ಹೊಲಿಗೆ ಹೊರಗಿನ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ಒಳಗೆ ಬರಬೇಕು. ನಡುವೆ ಕೊನೆಗೆ ಉಳಿಯುವ ಅಂಗೈಯಗಲದ ಜಾಗಕ್ಕೆ ಹೊಟ್ಟೆ ಎಂದು ಹೆಸರು. ಅಲ್ಲಿ ಒಂದು ಚಿಟಿಕೆ ಭತ್ತದ ಅರಳು ಹಾಕಿ, ಮೇಲೊಂದು ತುಂಡು ಇಟ್ಟು ಹೊಲಿದರೆ ಕೌದಿ ಮುಗಿದಂತೆ. ಹಸಿದ ಕೌದಿ ಹೊದ್ದರೆ ಮಲಗಿದವರಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದಳು ಆಯಿ. ಹೊಟ್ಟೆ ಮುಚ್ಚಿದ ಮೇಲೆ ಹೊಸ ತುಂಡು ಸೇರಿಸುವ ಹಾಗಿಲ್ಲ. ಮನೆಯ ಮನುಷ್ಯರಿಗೆಲ್ಲ ಮೇಲೆ ಅವರವರ ಹಳೆ ಬಟ್ಟೆಯ ಒಂದೊಂದೇ ತುಂಡು, ಹೆಚ್ಚಿಲ್ಲ ಕಡಿಮೆಯಿಲ್ಲ. ಶುರು ಮಾಡಿದವರದ್ದು ಕೊನೆಗೆ, ಹೊಟ್ಟೆಯ ಮೇಲೆ.

ಈ ಕ್ರಮದಿಂದಲೇ ಕೌದಿ ಮುಗಿಯದೆ ಹೋದದ್ದು. ಹೊಲಿಗೆ ಹೊಟ್ಟೆಯ ಹತ್ತಿರ ಬಂತು ಎನ್ನುವಾಗ ಅಕ್ಕನ ಮದುವೆಯಾಯಿತು. ಭಾವನದ್ದೊಂದು ತುಂಡು ಬೇಡವೇ? ಆಯಿ ಹೊರಗಿನಿಂದ ಇನ್ನೊಂದು ಸಾಲು ಕೂಡಿಸಿದಳು. ಆ ಸಾಲು ಸುತ್ತಿ ಒಳಗೆ ಬರುವಷ್ಟರಲ್ಲಿ ಅಕ್ಕನಿಗೆ ಮಗುವಾಯಿತು, ಮತ್ತೊಂದು ಸಾಲು. ಆಮೇಲೆ ನನ್ನ ಹೆಂಡತಿ ನಾಗವೇಣಿ ಬಂದಳು. ಬಂದ ಹೊಸದರಲ್ಲೇ ಅತ್ತೆ ತನ್ನ ಹಳೆಯ ಸೀರೆಯೊಂದನ್ನು ಕೇಳಿದ್ದು ಕಂಡು ಅವಳು ಹೆದರಿದ್ದಳಂತೆ, ಈ ಮನೆಯಲ್ಲಿ ಏನೋ ಮಾಟಗೀಟ ಇದೆ ಎಂದು. ಹೀಗೆ ಕೌದಿ ಅಗಲವಾಗುತ್ತ ಹೋಗಿ, ಹೊದೆಯುವ ವಸ್ತುವಾಗುವುದನ್ನು ಬಿಟ್ಟು ಅಂಗಳಕ್ಕೆ ಹಾಸುವ ಜಮಖಾನೆಯಂತಾಯಿತು. "ಇದನ್ನ ಹೊದೆಯೂಕೆ ಊರಿಗೆ ಊರೇ ಮಲಗಬೇಕು ಮಾರಾಯ್ತಿ" ಎಂದು ಅಪ್ಪ ನಗುತ್ತಿದ್ದ.

ಅಪ್ಪನ ತುಂಡಿನ ಕಥೆಯೇ ಬೇರೆ. ಅವನು ಸೈಕಲ್ಲಿನ ಮೇಲೆ ಒಣಮೀನಿನ ಬುಟ್ಟಿ ಕಟ್ಟಿಕೊಂಡು ಕತಗಾಲ, ಸಂತೆಗುಳಿಯ ತನಕ ಹೋಗಿ ಮಾರಿ ಬರುತ್ತಿದ್ದ. ಅವನ ಅಂಗಿಯನ್ನು ಸೋಪಿನಲ್ಲಿ ತಿಕ್ಕಿ, ಸೀಗೆಯಲ್ಲಿ ತಿಕ್ಕಿ, ಕೊನೆಗೆ ಬೂದಿ ನೀರಲ್ಲಿ ಕುದಿಸಿದರೂ ಒಣ ಬಂಗಡೆಯ ನೆನಪು ಅದನ್ನು ಬಿಡಲಿಲ್ಲ. ಆ ನೀಲಿ ಗೀರಿನ ತುಂಡು ಕೌದಿಯಲ್ಲಿ ಸೇರಿದ ದಿನದಿಂದ ನಮ್ಮ ಮನೆಯ ಬೆಕ್ಕು ಬೇರೆ ಕಡೆ ಮಲಗಿದ್ದೇ ಇಲ್ಲ. ಕೌದಿಯನ್ನು ಹೇಗೆ ಮಡಿಸಿಟ್ಟರೂ ಕಾಲಿನಿಂದ ಕೆದಕಿ ಅಪ್ಪನನ್ನು ಹುಡುಕಿ ತೆಗೆದು ಅದರ ಮೇಲೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಅಪ್ಪ ತೀರಿಕೊಂಡ ಮೇಲೂ ಅದೇ. ಆಯಿ ಅದನ್ನು ಓಡಿಸುತ್ತಿರಲಿಲ್ಲ.

ನನ್ನ ತುಂಡಿನ ವಿಚಾರ ಹೇಳಿಕೊಳ್ಳಲು ಇವತ್ತಿಗೂ ಸ್ವಲ್ಪ ನಾಚಿಕೆ. ನನಗೆ ಮೊದಲ ಕೆಲಸ ಸಿಕ್ಕಿದ್ದು ಭಟ್ಕಳದಲ್ಲಿ. ನವಾಯತ ಮುಸ್ಲಿಂ ಟೈಲರರೊಬ್ಬರ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಆ ಇಸ್ಮಾಯಿಲ್ ಮಾಸ್ತರರು ಮದುಮಕ್ಕಳ ಬಟ್ಟೆ ಹೊಲಿಯುವುದರಲ್ಲಿ ಹೆಸರಾದವರು. ಕತ್ತರಿಸಿ ಉಳಿದ ಜರಿಯ ತುಂಡುಗಳು ಅಂಗಡಿಯ ಮೂಲೆಯಲ್ಲಿ ರಾಶಿ ಬಿದ್ದಿರುತ್ತಿದ್ದವು. ನನ್ನ ಅಂಗಿಗಳೆಲ್ಲ ಅಪ್ಪನ ಅಂಗಿಗಿಂತ ಕಳೆಗೆಟ್ಟವು. ಕೌದಿಯಲ್ಲಿ ನಾನಾದರೂ ಚೆಂದ ಕಾಣಲಿ ಎಂದು ಗುಲಾಬಿ ಬಣ್ಣದ, ಬೆಳ್ಳಿ ಹೂವಿನ ಒಂದು ತುಂಡು ಕೇಳಿ ತಂದು ಆಯಿಗೆ ಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕೈಗೇ ಹಿಂದಕ್ಕೆ ಕೊಟ್ಟಳು.

"ಇದು ಯಾರ ಮೈಗೂ ಹತ್ತಿದ್ದಲ್ಲ. ಅಂಗಡಿ ಬಟ್ಟೆ ಕೌದಿಗೆ ಆಗೂದಿಲ್ಲ" ಎಂದಳು.

"ಮತ್ತೆ ಎಂತ ಮಾಡೂದು?"

"ಮೈಗೆ ಹತ್ತಿಸ್ಕಂಡು ತಗೊಂಬಾ."

ಹಾಗಾಗಿ ಭಟ್ಕಳದ ಆ ಬೇಸಿಗೆಯಲ್ಲಿ, ಇತಿಹಾಸದ ಹೊಸ ಉಪನ್ಯಾಸಕನಾದ ನಾನು ಮದುವಣಗಿತ್ತಿಯ ಜರಿ ತುಂಡನ್ನು ಕರವಸ್ತ್ರವಾಗಿ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಅದರಲ್ಲಿ ಬೆವರು ಒರೆಸಿದರೆ ಮುಖ ಉರಿಯುತ್ತಿತ್ತು. ಒಂದು ದಿನ ಹಾಜರಿ ಕರೆಯುವಾಗ ಮರೆತು ಅದನ್ನು ಹೊರಗೆಳೆದೆ. ಇಡೀ ತರಗತಿ ತಣ್ಣಗಾಯಿತು. ಸಂಜೆಯೊಳಗೆ ಸರ್‌ಗೆ ಮದುವೆ ಗೊತ್ತಾಗಿದೆ ಎಂಬ ಸುದ್ದಿ ಪ್ರಿನ್ಸಿಪಾಲರ ಕೋಣೆಯನ್ನು ಮುಟ್ಟಿ, ಅವರು ನನ್ನನ್ನು ಕರೆದು ಶುಭಾಶಯ ಹೇಳಿದರು. ಬೇಸಿಗೆ ಕಳೆದ ಮೇಲೆ ಆ ತುಂಡು ಆಯಿಗೆ ಒಪ್ಪಿಗೆಯಾಯಿತು. ಮೂಸಿ ನೋಡಿ, "ಈಗ ಇದು ನೀನು" ಎಂದಳು. ಅದಕ್ಕಿಂತ ದೊಡ್ಡ ಪದವಿ ನನಗೆ ಆಮೇಲೆ ಸಿಗಲಿಲ್ಲ.

ಆಯಿ ಹೋದಾಗ ಕೌದಿಯ ಹೊಟ್ಟೆ ತೆರೆದೇ ಇತ್ತು. ತನ್ನ ಇಟ್ಟಿಗೆ ಬಣ್ಣದ ಸೀರೆಯ ಒಂದು ತುಂಡನ್ನು ಹೊಟ್ಟೆಯ ಜಾಗಕ್ಕೆ ಸರಿಯಾಗಿ ಕತ್ತರಿಸಿ, ಜಾರದ ಹಾಗೆ ನಾಲ್ಕು ಸಡಿಲ ಹೊಲಿಗೆ ಹಾಕಿ ಇಟ್ಟಿದ್ದಳು. ಅಕ್ಕ ಅದನ್ನು ಹೊನ್ನಾವರಕ್ಕೆ ಒಯ್ದಳು. ಅವಳ ಮೊಮ್ಮಗ ಹುಟ್ಟಿದಾಗ ಅವಳೂ ಆಯಿಯ ಹಾಗೆಯೇ ಹೊರಗಿನಿಂದ ಒಂದು ಸಾಲು ಕೂಡಿಸಿದಳು. ಈ ಸಾಲು ಸುತ್ತಿ ಒಳಗೆ ಬಂದರೆ ಸಾಕು, ಇನ್ನು ಯಾರು ಹುಟ್ಟಿದರೂ ಅವರಿಗೆ ಬೇರೆ ಕೌದಿ ಎಂದು ಅವಳೇ ಖಡಾಖಂಡಿತವಾಗಿ ಹೇಳಿದ್ದಳು. ಈ ಸಲದ ಬೇಸಿಗೆ ರಜೆಯಲ್ಲಿ ನಾನು ಹೊನ್ನಾವರಕ್ಕೆ ಹೋದ ದಿನ ಬಾಕಿ ಇದ್ದದ್ದು ಹೊಟ್ಟೆಯ ಸುತ್ತಲಿನ ಒಂದೇ ಸುತ್ತು.

ಆ ದಿನವನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ ಹೇಳಲಾರೆ. ಅಕ್ಕ ಹಿತ್ತಿಲ ಜಗಲಿಯಲ್ಲಿ, ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದಳು. ತೊಡೆಯ ತುಂಬ ಕೌದಿ. ನಾನು ಬಂದೆನೆಂದು ಭಾವ ಚಾ ಮಾಡಲು ಎದ್ದ. ಗ್ಯಾಸ್ ಮುಗಿದಿತ್ತು. ಹೊಸ ಸಿಲಿಂಡರ್ ಎಳೆದು ತಂದು ರೆಗ್ಯುಲೇಟರ್ ಕೂಡಿಸಿದ. ಒಳಗಿನ ರಬ್ಬರಿನ ಬಳೆ ಎಲ್ಲೋ ಜಾರಿತ್ತು, ಯಾರಿಗೂ ತಿಳಿಯಲಿಲ್ಲ. ಕಡ್ಡಿ ಗೀರಿದ. ಬುಸ್ ಎಂದು ಒಂದು ಶಬ್ದ. ಒಲೆಯಲ್ಲಿ ಅಲ್ಲ, ಕೆಳಗೆ. ಸಿಲಿಂಡರಿನ ಬಾಯಿಯಿಂದ ಹಳದಿ ಬೆಂಕಿ ನೆಟ್ಟಗೆ ಎದ್ದು ಗೋಡೆಯ ನಾಗಂದಿಗೆಯ ಮೇಲಿಟ್ಟ ಡಬ್ಬಗಳನ್ನು ಮುಟ್ಟಿತು. ಭಾವ ಗೋಡೆಯ ಮೂಲೆಗೆ ಸಿಕ್ಕಿಬಿದ್ದಿದ್ದ. ಹೊರಗೆ ಬರಲು ಬೆಂಕಿಯನ್ನೇ ದಾಟಬೇಕು. ನಾನು ಹೊಸ್ತಿಲಲ್ಲಿ ನಿಂತಿದ್ದೆ, ಕೈಯಲ್ಲಿ ಅಕ್ಕನಿಗೆಂದು ತಂದ ಬಾಳೆಹಣ್ಣಿನ ಚೀಲ.

ಅಕ್ಕ ಎದ್ದದ್ದು ನನಗೆ ಕಾಣಲಿಲ್ಲ. ಬಾವಿಕಟ್ಟೆಯ ಬಳಿಯ ತೊಟ್ಟಿಯಲ್ಲಿ ಏನೋ ಭಾರವಾದದ್ದು ಮುಳುಗಿದ ಸಪ್ಪಳ ಕೇಳಿತು. ಮರುಕ್ಷಣ ಅವಳು ನನ್ನನ್ನು ಭುಜದಿಂದ ಬದಿಗೆ ತಳ್ಳಿ ಒಳಗೆ ಹೋದಳು. ನೀರು ಸುರಿಯುವ ಕೌದಿಯನ್ನು ಎರಡೂ ಕೈಯಲ್ಲಿ ಎತ್ತಿ, ಹೊಟ್ಟೆಯ ಬದಿ ಕೆಳಗಾಗುವಂತೆ ಸಿಲಿಂಡರಿನ ಮೇಲೆ ಕವುಚಿ, ಅದರ ಮೇಲೆ ಮೈಯಿಟ್ಟು ಒತ್ತಿ ಹಿಡಿದಳು. ಕೌದಿಯ ನಟ್ಟನಡುವೆ ಕಪ್ಪು ಕಲೆಯೊಂದು ಹುಟ್ಟಿ ಅಗಲವಾಗತೊಡಗಿತು. ಇನ್ನೇನು ಬೆಂಕಿ ಮೇಲೆ ಬಂತು ಎಂದುಕೊಂಡೆ. ಬರಲಿಲ್ಲ. ಹೊಗೆ ಬಂತು, ಆಮೇಲೆ ಹಬೆ. ಭಾವ ಕೌದಿಯ ಅಡಿಗೆ ಕೈ ತೂರಿಸಿ ರೆಗ್ಯುಲೇಟರ್ ತಿರುಗಿಸಿದ. ಎಲ್ಲ ಮುಗಿದ ಮೇಲೆ ನೋಡಿದರೆ ಬಾಳೆಹಣ್ಣಿನ ಚೀಲ ನನ್ನ ಕೈಯಲ್ಲೇ ಇತ್ತು.

ಅಕ್ಕನ ಬಲಗೈ ಸುಟ್ಟಿತ್ತು. ಆಸ್ಪತ್ರೆ, ಮುಲಾಮು, ಬಟ್ಟೆ ಕಟ್ಟುವುದು ಎಲ್ಲ ಆಗಿ ಗಾಯ ಮಾಯಿತು, ಆದರೆ ಬೆರಳುಗಳು ಬಿಗಿದುಕೊಂಡು ಪೂರ್ತಿ ಮಡಚಲು ಬಾರದಾದವು. ನನಗೆ ಮೈಮೇಲೆ ಗೀರು ಕೂಡ ಇಲ್ಲ. ಆದರೂ ಬಸ್ಸಿನ ಬಾಗಿಲು ಬುಸ್ ಎಂದು ತೆರೆದರೆ ಇಂದಿಗೂ ಸೀಟಿನಿಂದ ಅರ್ಧ ಎದ್ದಿರುತ್ತೇನೆ. ನಮ್ಮ ಮನೆಯಲ್ಲಿ ಗ್ಯಾಸ್ ಆರಿಸಿದೆಯೋ ಎಂದು ನೋಡಲು ಊಟದ ನಡುವೆ ಎದ್ದು ಹೋಗುತ್ತೇನೆ. "ದೇವರ ಮನೆಗೂ ಇಷ್ಟು ಸಲ ಹೋಗಿದ್ರೆ ನಿಮ್ಗೆ ಒಂದು ಒಳ್ಳೆ ಬುದ್ಧಿ ಬತ್ತಿತ್ತು" ಎನ್ನುತ್ತಾಳೆ ನಾಗವೇಣಿ. ಅನ್ನುತ್ತಲೇ ತಾನೂ ಎದ್ದು ಬಂದು ನನ್ನ ಪಕ್ಕ ನಿಂತು ಒಲೆಯ ಗುಬ್ಬಿ ತಿರುಗಿಸಿ ತೋರಿಸುತ್ತಾಳೆ.

ನೆರೆಯವರೆಲ್ಲ ಬಂದು, ಕೌದಿ ಮನೆ ಉಳಿಸಿತು ಎಂದು ಅಕ್ಕನನ್ನು ಹೊಗಳಿದರು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಅಡುಗೆಮನೆಗೆ ಹೋಗುವುದನ್ನು ಬಿಟ್ಟಳು. ಹೊಸ ರೆಗ್ಯುಲೇಟರ್ ಬಂದರೂ ಒಲೆ ಮುಟ್ಟುವವರಿಲ್ಲದೆ ಭಾವ ಹಿತ್ತಿಲಿನಲ್ಲಿ ಕಟ್ಟಿಗೆ ಒಲೆ ಹೂಡಿ ಅನ್ನ ಬೇಯಿಸತೊಡಗಿದ. ಒಂದು ಮಧ್ಯಾಹ್ನ ನಾನು ಅವಳ ಹತ್ತಿರ ಕೂತು, ಡಾಕ್ಟರು ಹೇಳಿದ ಹಾಗೆ ಬೆರಳು ಮಡಚಿ ಬಿಚ್ಚಿ ಮಾಡಿದರೆ ಕೈ ಸರಿಯಾಗುತ್ತದೆ ಎಂದು ಏನೇನೋ ಹೇಳುತ್ತಿದ್ದೆ.

"ಕೈ ಹೋದ್ರೆ ಹೋಗ್ಲಿ ತಮ್ಮಾ" ಎಂದಳು. "ಆಯಿದು ಅಂತ ಇದ್ದದ್ದು ಅದೊಂದು ತುಂಡು. ನಾನೇ ಬೆಂಕಿಗೆ ಹಾಕ್ದೆ. ಎಲ್ಲರ್ದೂ ಉಳೀತು, ಅವಳ್ದು ಮಾತ್ರ ಹೋತು."

ಮೂಲೆಯಲ್ಲಿ ಬಿದ್ದಿದ್ದ ಕೌದಿಯ ಕಡೆ ಗದ್ದ ತೋರಿಸಿದಳು.

"ತಕಂಡು ಹೋಗಿ ಹೊಳೆಗೆ ಬಿಡು ಅದನ್ನ. ನಂಗೆ ನೋಡೂಕೆ ಆಗೂದಿಲ್ಲ."

ಕೌದಿಯನ್ನು ಗಂಟು ಕಟ್ಟಿ ಎತ್ತಿಕೊಂಡು ಹೊರಟೆ. ಬಸ್ಸು ಶರಾವತಿಯ ಸೇತುವೆಯ ಕಡೆ ಹೋಗುವುದಲ್ಲ, ಕುಮಟೆಯ ಕಡೆ ಹೋಗುವುದು ಎಂಬುದೇ ಆ ಹೊತ್ತಿಗೆ ನನಗೆ ಸಿಕ್ಕ ನೆಪ. ಮನೆಗೆ ತಂದು ಬಿಚ್ಚಿ ನೋಡಿದೆ. ಹೊಟ್ಟೆಯ ಜಾಗದಲ್ಲಿ ತಳವೊಂದನ್ನು ಬಿಟ್ಟು ಉಳಿದದ್ದು ಸುಟ್ಟು, ತಟ್ಟೆಯಗಲದ ಕರಿ ತೂತು. ಇಟ್ಟಿಗೆ ಬಣ್ಣದ ಒಂದು ಎಳೆಯೂ ಉಳಿದಿರಲಿಲ್ಲ.

ಆಯಿಯ ಬೇರೆ ಸೀರೆ ಸಿಕ್ಕರೆ ಅದೇ ಜಾಗಕ್ಕೆ ಹಚ್ಚಬಹುದಲ್ಲ ಎಂದು ಹುಡುಕಿದೆ. ಅವಳ ಸೀರೆಗಳನ್ನು ಹನ್ನೆರಡನೆಯ ದಿನ ಹಂಚಿಬಿಟ್ಟಿದ್ದೆವು. ಯಾರಿಗೆ ಹೋಯಿತೆಂದು ನೆನಪಿದ್ದದ್ದು ಒಂದೇ, ಸಂತೆಗುಳಿಯ ನಮ್ಮ ಚಿಕ್ಕಿಗೆ ಕೊಟ್ಟ ಹಸಿರು ಸೀರೆ. ಅಲ್ಲಿಗೆ ಹೋಗಿ ಕೇಳಿದೆ. ಆ ಸೀರೆ ಮೊದಲು ತೊಟ್ಟಿಲಾಗಿ, ಆಮೇಲೆ ಗದ್ದೆಯ ಬೆರ್ಚಪ್ಪನ ಮೈಮೇಲೇರಿ, ಎರಡು ಮಳೆಗಾಲ ಹಂದಿ ಹೆದರಿಸಿ ಕರಗಿಹೋಗಿತ್ತು. "ನಿನ್ನ ಆಯಿ ಇದ್ದಾಗ್ಲೂ ಹಂದಿ ಇತ್ಲಾಗೆ ತಲೆ ಹಾಕ್ತಿರ್ಲಿಲ್ಲ" ಎಂದು ಚಿಕ್ಕಿ ನಕ್ಕು, ಸೀರೆಯ ಬದಲು ಎರಡು ಮೊಗೆಕಾಯಿ ಕೊಟ್ಟು ಕಳಿಸಿದಳು.

ಬೇರೆ ದಾರಿ ಕಾಣದೆ ಸುಟ್ಟ ಅಂಚನ್ನಾದರೂ ಬಿಡಿಸಿ ತೆಗೆಯೋಣವೆಂದು ಕತ್ತರಿ ಹಿಡಿದು ಕೂತೆ. ಮೊದಲ ದಿನಗಳಲ್ಲಿ ಸುಟ್ಟ ಬಟ್ಟೆಯ ವಾಸನೆ ಮೂಗಿಗೆ ತಾಗಿದ ಕೂಡಲೇ ನಾನು ಹೊನ್ನಾವರದ ಹೊಸ್ತಿಲಲ್ಲಿ ಬಾಳೆಹಣ್ಣು ಹಿಡಿದು ನಿಂತಿರುತ್ತಿದ್ದೆ. ಎದ್ದು ಹೋಗಿ ಗ್ಯಾಸ್ ನೋಡಿ ಬಂದು ಮತ್ತೆ ಕೂರುತ್ತಿದ್ದೆ. ಹೀಗೆ ಎದ್ದು ಕೂತು ಮಾಡುತ್ತ ಮೇಲಿನ ಪದರದ ಕಪ್ಪನ್ನು ಕತ್ತರಿಸಿ ತೆಗೆದಾಗ ಒಳಗಿನ ಪದರಗಳ ಅಂಚು ಕಾಣಿಸಿತು.

ಕೌದಿಯ ಒಳಗೆ ದಪ್ಪ ಬರಲೆಂದು ಹಳೆ ಬಟ್ಟೆ ಹಾಸಿರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಏನು ಹಾಸಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಅಕ್ಕನ ಕೈಗೆ ಬರುವಾಗ ಒಳಗಿನದ್ದೆಲ್ಲ ಹೊಲಿದು ಮುಚ್ಚಿಹೋಗಿತ್ತು. ನಾನು ಬೆರಳಿನಿಂದ ಒಂದೊಂದೇ ಪದರ ಬಿಡಿಸಿದೆ. ಮೊದಲು ಮಾಸಿದ ಹಳದಿ, ಅದರ ಕೆಳಗೆ ನೇರಳೆ ಅಂಚಿನ ಬಿಳಿ, ಅದರ ಕೆಳಗೆ ಸಣ್ಣ ಕರಿ ಚೌಕುಳಿ. ಕರಿ ಚೌಕುಳಿ ನನಗೆ ಗುರುತು ಸಿಕ್ಕಿತು. ಶಾಲೆಗೆ ಹೋಗಲಾರೆ ಎಂದು ಅತ್ತಾಗೆಲ್ಲ ನಾನು ಮುಖ ಒರೆಸಿಕೊಂಡ ಸೆರಗು ಅದು. ಇತಿಹಾಸದ ಮೇಷ್ಟ್ರಾದ ನಾನು ಹುಡುಗರಿಗೆ ಉತ್ಖನನದ ಪಾಠ ಮಾಡುತ್ತ ಬಂದವನು, ಮೇಲಿನ ಪದರ ಇತ್ತೀಚಿನದು, ಕೆಳಗಿನದು ಹಳೆಯದು ಎಂದು. ನನ್ನ ಕೈಯಿಂದ ಏನಾದರೂ ಸಿಕ್ಕಿದ್ದು ಇದೇ ಮೊದಲು. ಇನ್ನೊಂದು ಮೂಲೆಯಲ್ಲಿ ಬಿಚ್ಚಿ ನೋಡಿದೆ, ಅಲ್ಲೂ ಅವೇ. ಪ್ರತಿ ಸಲ ಹೊರಗಿನಿಂದ ಸಾಲು ಕೂಡಿಸಿದಾಗಲೂ ಒಳಗೆ ಆಯಿ ತನ್ನ ಹಳೆ ಸೀರೆಗಳನ್ನೇ ಹಾಸುತ್ತ ಹೋಗಿದ್ದಳು.

ನಾಗವೇಣಿಯನ್ನು ಕರೆದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಹೊಟ್ಟೆ ಮುಚ್ಚಬೇಡಿ. ಹೀಂಗೇ ತಕಂಡೋಗಿ ಅತ್ತಿಗೆಗೆ ತೋರ್ಸಿ" ಎಂದಳು.

ಸುತ್ತಲಿನ ಸಾಲನ್ನು ಮಾತ್ರ ಹೊಲಿದು ಗಟ್ಟಿ ಮಾಡಿದೆ. ಅಕ್ಕನ ಹೊಲಿಗೆ ಅಕ್ಕಿಕಾಳು ಸಾಲಾಗಿ ಇಟ್ಟಂತೆ. ನನ್ನದು ಇರುವೆ ದಾರಿ ತಪ್ಪಿದಂತೆ. ಚೌತಿ ಕಳೆದ ಮೇಲಿನ ಭಾನುವಾರ ಕೌದಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಹಾಸಿಗೆ ಸಮೇತ ಎಲ್ಲಿಗೆ ಹೊರಟಿರಿ ಎಂದು ಕಂಡಕ್ಟರ್ ಕೇಳಿದ. ಅಕ್ಕನ ಮನೆಗೆ ಎಂದೆ. ಜಗಳ ಮಾಡಿಕೊಂಡು ಮನೆ ಬಿಟ್ಟವರನ್ನು ನೋಡುವ ಹಾಗೆ ಕನಿಕರದಿಂದ ನೋಡಿ ಟಿಕೆಟ್ ಹರಿದ. ಹೊನ್ನಾವರದಲ್ಲಿ ಬಾಗಿಲು ಬುಸ್ ಎಂದಾಗ ಎದ್ದದ್ದು ನಿಜ, ಆದರೆ ಅದು ಇಳಿಯುವ ಜಾಗವೇ ಆಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಗಂಟು ಕಂಡದ್ದೇ ಅಕ್ಕ ಮುಖ ತಿರುಗಿಸಿದಳು. ಹೊಳೆಗೆ ಬಿಡು ಅಂದಿದ್ದೆನಲ್ಲ ಎಂದಳು. ನಾನು ಹಿತ್ತಿಲ ಜಗಲಿಯಲ್ಲಿ ಕೌದಿ ಹಾಸಿ, ತೂತಿನ ಹತ್ತಿರ ಪದರಗಳನ್ನು ಒಂದೊಂದಾಗಿ ಮಗುಚಿಟ್ಟೆ. ಭಾವ ಕಟ್ಟಿಗೆ ಒಲೆ ಊದುವುದನ್ನು ಬಿಟ್ಟು ಬಂದು ನಿಂತ. ಅಕ್ಕ ಕೂತಲ್ಲಿಂದಲೇ ಓರೆಯಾಗಿ ನೋಡಿದಳು. ಆಮೇಲೆ ಹತ್ತಿರ ಸರಿದಳು. ಎಡಗೈ ಬೆರಳನ್ನು ಹಳದಿಯ ಮೇಲಿಟ್ಟಳು.

"ಇದು ನಾನು ಹೆರಿಗೆಗೆ ಬಂದಾಗ ಆಯಿ ಉಡ್ತಿದ್ದದ್ದು."

ಬೆರಳು ಕೆಳಗಿನ ಪದರಕ್ಕೆ ಇಳಿಯಿತು. "ಇದು ಮಾರ್ಕೆಟಿಗೆ ಹೋಗೂದು. ಇದು…" ಕರಿ ಚೌಕುಳಿಯ ಮೇಲೆ ಬೆರಳು ನಿಂತಿತು. "ಇದ್ರಲ್ಲಿ ನೀ ಸಿಂಬಳ ಒರೆಸ್ತಿದ್ದೆ."

"ಕಣ್ಣೀರು" ಎಂದೆ.

"ಸಿಂಬಳ. ನಂಗೊತ್ತಿಲ್ವ?"

ಆಮೇಲೆ ಅವಳು ಕೌದಿಯ ಮೇಲೆ ಅಂಗೈ ಊರಿ, ಅದರ ದಪ್ಪವನ್ನು ಮೊದಲ ಸಲ ನೋಡುವವಳಂತೆ ಒತ್ತಿ ನೋಡಿದಳು. ಆ ದಿನ ತೊಟ್ಟಿಯಿಂದ ಎತ್ತುವಾಗ ಎಷ್ಟು ಭಾರವಿತ್ತು ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ನೀರು ಕುಡಿದ ಬಟ್ಟೆಯ ಭಾರ ಅಂದುಕೊಂಡಿದ್ದಳಂತೆ. ಭಾವ ಕಣ್ಣು ಒರೆಸಿಕೊಂಡು, ಹೊಗೆ ಎಂದ. ಒಲೆ ಆರಿ ಆಗಲೇ ಬಹಳ ಹೊತ್ತಾಗಿತ್ತು.

ಅಕ್ಕ ಎದ್ದು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಒಂದು ಬೂದು ಬಣ್ಣದ ನೂಲಿನ ಸೀರೆಯಿತ್ತು. ಆ ದಿನ ಉಟ್ಟದ್ದು. ಸೆರಗಿನ ಕಡೆ ಕಂದು ಹತ್ತಿ ಕರಟಿತ್ತು. ಇಷ್ಟು ದಿನ ಅದನ್ನು ಬಿಸಾಡದೆ ಎಲ್ಲಿ ಮುಚ್ಚಿಟ್ಟಿದ್ದಳೋ, ಭಾವನಿಗೂ ಗೊತ್ತಿರಲಿಲ್ಲ. ನಿನ್ನದೊಂದು ತುಂಡು ಮೊದಲೇ ಇದೆಯಲ್ಲ, ಒಬ್ಬರಿಗೆ ಒಂದೇ ಎಂದಲ್ಲವೇ ಕ್ರಮ ಎಂದು ನಾನು ಮೇಷ್ಟ್ರ ಬುದ್ಧಿಯಿಂದ ಕೇಳಿದೆ.

"ಆಯಿ ಒಳಗೆ ಇಷ್ಟೆಲ್ಲ ಹಾಸ್ಕಂಡು ಕೂತಾಳೆ. ಅವಳು ಕ್ರಮ ತಪ್ಪಿದ್ರೆ ಆಗ್ತದೆ, ನಾ ತಪ್ಪಿದ್ರೆ ಆಗೂದಿಲ್ವ?" ಎಂದಳು. ಆ ಸೀರೆಯ ಕರಟಿದ ಭಾಗವನ್ನೇ ತೂತಿನ ಅಳತೆಗೆ ಕತ್ತರಿಸಲು ನನಗೆ ಹೇಳಿದಳು.

ಭಾವ ಅರಳು ತಂದ. ಅಕ್ಕ ಕರಿ ಚೌಕುಳಿಯ ಮೇಲೆ ಒಂದು ಚಿಟಿಕೆ ಉದುರಿಸಿದಳು. ನಾನು ತುಂಡು ಇಟ್ಟು ಹಿಡಿದುಕೊಂಡೆ. ಅಂಗಿಯ ಮೇಲಿದ್ದ ಸೂಜಿ ಕಿತ್ತು ಕೊಟ್ಟೆ. ಬಿಗಿದ ಬೆರಳುಗಳಿಗೆ ಅದು ಎರಡು ಸಲ ಜಾರಿ ಬಿತ್ತು. ನಾನು ಕೈ ಚಾಚಿದರೆ, ಬೇಡ ಎಂದು ತಲೆಯಾಡಿಸಿದಳು. ಹೆಬ್ಬೆರಳು ಮತ್ತು ಉಂಗುರ ಬೆರಳಿನ ನಡುವೆ ಹೇಗೋ ಸಿಕ್ಕಿಸಿಕೊಂಡು ಹೊಲಿದಳು. ಅವಳ ಅಕ್ಕಿಕಾಳುಗಳೂ ಈ ಸಲ ಒಂದು ಸಣ್ಣದು, ಒಂದು ದೊಡ್ಡದು. ನನ್ನ ದಾರಿ ತಪ್ಪಿದ ಇರುವೆಗಳ ಪಕ್ಕದಲ್ಲಿ ಅವು ಚೆನ್ನಾಗಿಯೇ ಹೊಂದಿಕೊಂಡವು. ಸುತ್ತು ಬಂದು ಸೇರಿದ ಮೇಲೆ ನೂಲನ್ನು ಹಲ್ಲಿನಿಂದ ಕಡಿದಳು.

ಭಾವ ಆರಿದ ಒಲೆಗೆ ಕಟ್ಟಿಗೆ ಒಟ್ಟಲು ಹೊರಟ.

"ಅದು ಬೇಡ" ಎಂದಳು ಅಕ್ಕ. ಸೂಜಿಯನ್ನು ತನ್ನ ಸೆರಗಿಗೆ ಚುಚ್ಚಿಕೊಂಡು ನನ್ನತ್ತ ತಿರುಗಿದಳು. "ತಮ್ಮಾ, ಅವತ್ತಿನ ಚಾ ಹಾಂಗೇ ಉಳೀತು. ಒಳಗೆ ಹೋಗಿ ಇಡು."

ಒಳಗೆ ಅಂದರೆ ಅಡುಗೆಮನೆ. ಹೊಸ್ತಿಲಿನಲ್ಲಿ ನನ್ನ ಕಾಲು ನಿಂತಿತು. ನಾಗಂದಿಗೆಯ ಡಬ್ಬಗಳ ತಳ ಇನ್ನೂ ಕಪ್ಪಗಿತ್ತು. ಕೈಯಲ್ಲಿ ಈ ಸಲ ಬಾಳೆಹಣ್ಣಿನ ಚೀಲ ಇರಲಿಲ್ಲ. ಪಾತ್ರೆ ಹುಡುಕಿ ನೀರು ಹಾಕಿದೆ. ಬಗ್ಗಿ ಸಿಲಿಂಡರಿನ ಬಾಯಿ ಮೂಸಿದೆ. ಇನ್ನೊಮ್ಮೆ ಮೂಸಿದೆ. ಗುಬ್ಬಿ ತಿರುಗಿಸಿದರೆ ಬುಸ್ ಎಂದು ಆ ಶಬ್ದ. ಕಡ್ಡಿ ಗೀರಿದೆ. ಒಲೆಯ ಮೇಲೆ, ಇರಬೇಕಾದಲ್ಲಿ, ಒಂದು ನೀಲಿ ಹೂವು ಅರಳಿ ಕೂತಿತು.

ಹೊರಗಿನಿಂದ ಅಕ್ಕನ ಸ್ವರ ಬಂತು, ಸಕ್ಕರೆ ಕಮ್ಮಿ ಹಾಕು ಎಂದು. ಬೇಸಿಗೆಯಿಂದ ಈಚೆಗೆ ಅವಳು ಅಡುಗೆಯ ವಿಷಯದಲ್ಲಿ ಒಂದು ಮಾತು ಹೇಳಿದ್ದು ಅದೇ ಮೊದಲು. ಬೇಕೆಂದೇ ಒಂದು ಚಮಚ ಹೆಚ್ಚು ಹಾಕಿದೆ. ಕುಡಿದು ಬಯ್ಯಲಿ ಎಂದು.